ಸಿನಾಪ್ಟಿಕ್: ಮೊದಲು ಗುರುತು ಹಾಕಿ, ಆಮೇಲೆ ಒತ್ತಿ

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕಿಕೊಳ್ಳಲು ಟರ್ಮಿನಲ್ (ಆಜ್ಞೆ ಬರೆದು ಕೆಲಸ ಮಾಡಿಸುವ ಕಿಟಕಿ) ತೆರೆಯಿರಿ ಎಂದರೆ ಹೊಸಬರು ಹಿಂದೆ ಸರಿಯುತ್ತಾರೆ. ಈಗ ಬರುವ ಸಾಫ್ಟ್‌ವೇರ್ ಸ್ಟೋರ್‌ಗಳು ನೋಡಲು ಚೆನ್ನ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಜಾಸ್ತಿ ಹೇಳುವುದಿಲ್ಲ. ನಡುವಿನ ದಾರಿ ಸಿನಾಪ್ಟಿಕ್ ಎಂಬ ಪ್ರೋಗ್ರಾಂ. ಮುಖ ಸ್ವಲ್ಪ ಹಳೇ ಕಾಲದ್ದೇ, ಆದರೆ ಏನನ್ನೂ ಬಚ್ಚಿಡುವುದಿಲ್ಲ.

ಸಾಫ್ಟ್‌ವೇರ್ ತಂದು ಹಾಕುವ, ತೆಗೆಯುವ ಕೆಲಸ ಮಾಡುವ ಆಪ್ಟ್ ಎಂಬ ವ್ಯವಸ್ಥೆಯ ಮೇಲೆ ಕೂರಿಸಿದ ಕಿಟಕಿ ಇದು. ಹಾಗಾಗಿ ಡೆಬಿಯನ್, ಉಬುಂಟು, ಮಿಂಟ್‌ನಂಥ ಆಪ್ಟ್ ಇರುವ ಲಿನಕ್ಸ್ ಬಳಸುವವರಿಗೆ ಮಾತ್ರ ಅನುಕೂಲ. ಆಪ್ಟ್ ಬಳಸದ ಫೆಡೋರಾದವರು ಇಂಥದ್ದೇ ಡಿಎನ್‌ಎಫ್‌ಡ್ರಾಗೋರಾ ನೋಡಬಹುದು. ಉಬುಂಟುವಿನಲ್ಲಿ ಸಿನಾಪ್ಟಿಕ್ ಮೊದಲೇ ಇರುತ್ತಿತ್ತು, 2011ರಲ್ಲಿ ಬಂದ 11.10 ಆವೃತ್ತಿಯಿಂದ ಕೈಬಿಟ್ಟರು. ಈಗ ಬೇಕಾದವರು ಸ್ಟೋರ್‌ನಲ್ಲಿ ಹುಡುಕಿ ಹಾಕಿಕೊಳ್ಳಬೇಕು. ತೆರೆಯುವಾಗ ಪಾಸ್‌ವರ್ಡ್ ಕೇಳುತ್ತದೆ.

ಮೊದಲ ಕೆಲಸ: ರೀಲೋಡ್

ಮೇಲಿನ ಎಡಗಡೆ ರೀಲೋಡ್ ಬಟನ್ ಇದೆ. ಅದನ್ನು ಒತ್ತಿ. ಯಾವ ಪ್ಯಾಕೇಜ್‌ಗೆ (ಸಾಫ್ಟ್‌ವೇರ್ ಬರುವ ಕಟ್ಟು) ಯಾವ ಆವೃತ್ತಿ ಬಂದಿದೆ ಎಂಬ ಹೊಸ ಪಟ್ಟಿ ಇಳಿದು ಬರುತ್ತದೆ. ಇದರಿಂದ ಯಾವ ಸಾಫ್ಟ್‌ವೇರೂ ಬದಲಾಗುವುದಿಲ್ಲ, ಹೆದರಬೇಡಿ.

ಆಗ 'ಲಾಕ್ ಸಿಗುತ್ತಿಲ್ಲ' ಎಂಬರ್ಥದ ದೂರು ಬಂದರೆ, ಇನ್ನೊಂದು ಕಡೆ ಅಪ್‌ಡೇಟ್ ನಡೆಯುತ್ತಿದೆ ಎಂದರ್ಥ. ಒಂದು ಸಲಕ್ಕೆ ಒಬ್ಬರೇ ಆಪ್ಟ್ ಮುಟ್ಟಬಹುದು. ಅದು ಮುಗಿಯುವ ತನಕ ಕಾಯಿರಿ. ಲಾಕ್ ಫೈಲ್ ಅಳಿಸಿಬಿಡಿ ಎನ್ನುವವರ ಮಾತು ಕೇಳಬೇಡಿ.

ಹುಡುಕಿ, ಗುರುತು ಹಾಕಿ

ಸರ್ಚ್ ಒತ್ತಿ ಹೆಸರು ಬರೆಯಿರಿ. ಹೆಸರು ನೆನಪಿಲ್ಲದಿದ್ದರೆ ವಿವರಣೆಯಲ್ಲೂ ಹುಡುಕಬಹುದು. ಪ್ರತಿ ಸಾಲಿನ ಮುಂದೆ ಒಂದು ಚೌಕ ಇರುತ್ತದೆ. ಬಿಳಿ ಇದ್ದರೆ ನಿಮ್ಮಲ್ಲಿ ಇಲ್ಲ, ಹಸಿರು ಇದ್ದರೆ ಇದೆ, ಹಸಿರಿನ ಮೇಲೆ ನಕ್ಷತ್ರ ಇದ್ದರೆ ಹೊಸ ಆವೃತ್ತಿ ಬಂದಿದೆ. ಚೌಕ ಒತ್ತಿ 'ಮಾರ್ಕ್ ಫಾರ್ ಇನ್‌ಸ್ಟಲೇಷನ್' ಆರಿಸಿ. ಅದರ ಜೊತೆ ಬೇರೆ ಪ್ಯಾಕೇಜ್‌ಗಳೂ ಬೇಕಿದ್ದರೆ ಅಲ್ಲೇ ಕೇಳುತ್ತದೆ. ಎಲ್ಲವನ್ನೂ ಹೊಸದು ಮಾಡಬೇಕಿದ್ದರೆ 'ಮಾರ್ಕ್ ಆಲ್ ಅಪ್‌ಗ್ರೇಡ್ಸ್' ಬಟನ್ ಇದೆ.

ಇಲ್ಲಿಯವರೆಗೆ ಕಂಪ್ಯೂಟರ್‌ನಲ್ಲಿ ಏನೂ ಬದಲಾಗಿಲ್ಲ. ಹತ್ತಕ್ಕೆ ಗುರುತು ಹಾಕಿ, ಮನಸ್ಸು ಬದಲಾದರೆ ಕಂಟ್ರೋಲ್ ಝಡ್ ಒತ್ತಿ ತೆಗೆಯಬಹುದು. ಸಿನಾಪ್ಟಿಕ್ ನನಗೆ ಹಿಡಿಸಿದ್ದೇ ಇದಕ್ಕೆ.

ಅಪ್ಲೈ ಒತ್ತಿದ ಮೇಲೂ ಒಂದು ನಿಮಿಷ ನಿಲ್ಲಿ

ಅಪ್ಲೈ ಒತ್ತಿದ ಕೂಡಲೇ ಕೆಲಸ ಶುರುವಾಗುವುದಿಲ್ಲ. ಒಂದು ಪಟ್ಟಿ ಬರುತ್ತದೆ: ಏನು ಬರುತ್ತದೆ, ಏನು ಹೋಗುತ್ತದೆ, ಎಷ್ಟು ಡೌನ್‌ಲೋಡ್, ಡಿಸ್ಕ್‌ನಲ್ಲಿ ಎಷ್ಟು ಜಾಗ. 'ಟು ಬಿ ರಿಮೂವ್ಡ್' ಎಂಬ ಭಾಗವನ್ನು ಬಿಡಿಸಿ ಒಂದೊಂದೇ ಹೆಸರು ಓದಿ. ನಾನು ಒಮ್ಮೆ, ಸುಮ್ನೆ ಜಾಗ ತಿನ್ನುತ್ತಿದೆ ಎಂದುಕೊಂಡು ಒಂದು ಲೈಬ್ರರಿ (ಬೇರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಭಾಗ) ತೆಗೆಯಲು ಹೋದೆ. ಪಟ್ಟಿ ಉದ್ದ ಇತ್ತು, ಓದಲಿಲ್ಲ. ಅದನ್ನೇ ನೆಚ್ಚಿಕೊಂಡಿದ್ದ ಡೆಸ್ಕ್‌ಟಾಪಿನ ಅರ್ಧ ಭಾಗವೂ ಜೊತೆಗೇ ಹೊರಟುಹೋಯಿತು. ಸಿನಾಪ್ಟಿಕ್ ಹೇಳಿಯೇ ಇತ್ತು, ಕೇಳದವನು ನಾನು. ಒಂದು ಸಣ್ಣ ವಸ್ತು ತೆಗೆಯಲು ಮೂವತ್ತು ಹೆಸರು ಬಂದರೆ ಕ್ಯಾನ್ಸಲ್ ಒತ್ತಿ.

ತೆಗೆಯುವುದರಲ್ಲಿ ಎರಡು ಬಗೆ. ಬರೀ ರಿಮೂವಲ್ ಎಂದರೆ ಪ್ರೋಗ್ರಾಂ ಹೋಗುತ್ತದೆ, ಸಿಸ್ಟಮ್‌ನ ಸೆಟ್ಟಿಂಗ್ಸ್ ಫೈಲ್ ಉಳಿಯುತ್ತದೆ. 'ಕಂಪ್ಲೀಟ್ ರಿಮೂವಲ್' ಎಂದರೆ ಅದೂ ಹೋಗುತ್ತದೆ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಇರುವುದನ್ನು ಎರಡೂ ಮುಟ್ಟುವುದಿಲ್ಲ.

ಎಡಗಡೆಯ ಸ್ಟೇಟಸ್

ಕೆಳಗೆ ಎಡಗಡೆ ಇರುವ ಸ್ಟೇಟಸ್ ಬಟನ್ ಒತ್ತಿದರೆ ಪ್ಯಾಕೇಜ್‌ಗಳು ಸ್ಥಿತಿಗೆ ತಕ್ಕಂತೆ ಬೇರೆಯಾಗುತ್ತವೆ. 'ಆಟೋ ರಿಮೂವಬಲ್' ಎಂಬಲ್ಲಿ ಇರುವವು ಈಗ ಯಾರಿಗೂ ಬೇಡದವು. 'ಬ್ರೋಕನ್' (ಜೊತೆಗೆ ಬೇಕಾದ ಪ್ಯಾಕೇಜ್ ಸಿಗದೆ ಕೆಟ್ಟವು) ಅಡಿಯಲ್ಲಿ ಏನಾದರೂ ಕಂಡರೆ ಎಡಿಟ್ ಮೆನುವಿನ 'ಫಿಕ್ಸ್ ಬ್ರೋಕನ್ ಪ್ಯಾಕೇಜಸ್' ಮೊದಲು ಪ್ರಯತ್ನಿಸಿ. ಆಪ್ಟ್ ಮೂಲಕ ಬರದೆ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಬೇರೆ ಬಗೆಯ ಕಟ್ಟಾಗಿ ಬಂದ ಸಾಫ್ಟ್‌ವೇರ್ ಇಲ್ಲಿ ಕಾಣುವುದಿಲ್ಲ, ಅವುಗಳ ದಾರಿಯೇ ಬೇರೆ.

ಹೊಸ ಆವೃತ್ತಿ ಕೈಕೊಡುತ್ತಿದೆಯಾ? ಪ್ಯಾಕೇಜ್ ಮೆನುವಿನಲ್ಲಿ 'ಫೋರ್ಸ್ ವರ್ಷನ್' ಇದೆ. ಪ್ಯಾಕೇಜ್‌ಗಳು ಇಳಿದು ಬರುವ ಸಂಗ್ರಹದಲ್ಲಿ ಹಳೆಯದು ಇನ್ನೂ ಇದ್ದರೆ ಅದನ್ನು ಆರಿಸಬಹುದು. ಆಮೇಲೆ 'ಲಾಕ್ ವರ್ಷನ್' ಹಾಕಿದರೆ ಸಿನಾಪ್ಟಿಕ್ ಅದನ್ನು ಮತ್ತೆ ಏರಿಸುವುದಿಲ್ಲ.

ಯಾವತ್ತು ಏನು ಮಾಡಿದಿರಿ ಎಂದು ಮರೆತರೆ ಫೈಲ್ ಮೆನುವಿನ ಹಿಸ್ಟರಿ ತೆರೆಯಿರಿ. ದಿನಾಂಕದ ಪ್ರಕಾರ ಎಲ್ಲ ಇದೆ. ಆದರೆ ಸಿನಾಪ್ಟಿಕ್ ಮೂಲಕ ಮಾಡಿದ್ದು ಮಾತ್ರ. ಟರ್ಮಿನಲ್‌ನಲ್ಲಿ ಮಾಡಿದ್ದು ಅಲ್ಲಿ ಸಿಗುವುದಿಲ್ಲ.