ಸಿವಿಲ್ ಓದಿ ಸೈಟ್‌ಗೆ ಇಳಿಯುವುದು ಹೇಗೆ?

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಮೊದಲ ಸಲ ಸೈಟ್‌ಗೆ ಬರುವ ಹುಡುಗ ಹುಡುಗಿಯರನ್ನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಪರೀಕ್ಷೆಯಲ್ಲಿ ಬೀಮ್ ಲೆಕ್ಕ ಹಾಕಿ ಒಳ್ಳೆ ಅಂಕ ತೆಗೆದಿರುತ್ತಾರೆ. ಎದುರಿಗೆ ಕಟ್ಟಿರುವ ಕಂಬಿ ತೋರಿಸಿ, ‘ಇದು ಸರಿ ಇದೆಯಾ?’ ಅಂತ ಕೇಳಿದರೆ ಮಾತೇ ಹೊರಡುವುದಿಲ್ಲ. ಅದು ಅವರ ತಪ್ಪಲ್ಲ, ಯಾರೂ ತೋರಿಸಿಕೊಟ್ಟಿರುವುದಿಲ್ಲ. ಹಾಗಾಗಿ ಕೋರ್ಸ್‌ಗಿಂತ ಸೈಟ್ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಹಂತ 1: ದಾರಿ ಆರಿಸಿ

ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಐಟಿಐನಲ್ಲಿ 2 ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ (ಕಟ್ಟಡದ ನಕ್ಷೆ ಬರೆಯುವ ಕೋರ್ಸ್) ಇದೆ, ಅದು ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯುಸಿ ಸೈನ್ಸ್ ಓದಿದವರು ಸಿಇಟಿ ಬರೆದು ಬಿಇಗೆ ಹೋಗುತ್ತಾರೆ. ಡಿಪ್ಲೊಮಾ ಮಾಡಿದವರು ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ಬಿಇ ಎರಡನೇ ವರ್ಷಕ್ಕೇ ಪ್ರವೇಶ ಸಿಗುತ್ತದೆ.

ನನ್ನನ್ನು ಕೇಳಿದರೆ ಡಿಪ್ಲೊಮಾ ಮಾಡಿ, ಒಂದು ವರ್ಷ ಸೈಟ್‌ನಲ್ಲಿ ದುಡಿದು, ಆಮೇಲೆ ಡಿಸಿಇಟಿ ಬರೆಯಿರಿ. ‘ಒಂದು ವರ್ಷ ಹಾಳಾಯಿತಲ್ಲ’ ಅಂತ ಮನೆಯಲ್ಲಿ ಅನ್ನುತ್ತಾರೆ. ಹಾಳಾಗುವುದಿಲ್ಲ. ಕಂಬಿ ಮುಟ್ಟಿ ಬಂದವರಿಗೆ ಬಿಇ ಪಾಠ ಬೇರೆಯೇ ಥರ ಅರ್ಥವಾಗುತ್ತದೆ.

ಹಂತ 2: ಸೇರಿಕೊಳ್ಳಿ

ಕಾಲೇಜಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆ ಇದೆಯಾ ನೋಡಿ. ಲ್ಯಾಬ್‌ಗೆ ಒಂದು ಸಲ ಕಾಲಿಟ್ಟು ಬನ್ನಿ. ಬಲ ಎಷ್ಟಿದೆ ಅಂತ ನೋಡಲು ಕಾಂಕ್ರೀಟ್ ಕ್ಯೂಬ್ ಒಡೆಯುವ ಯಂತ್ರದ ಮೇಲೆ ಧೂಳು ಕೂತಿದ್ದರೆ ಬೇರೆ ಕಾಲೇಜು ಹುಡುಕಿ.

ಇಲ್ಲೇ ಇನ್ನೊಂದು ಮಾತು. ಮೂರು ತಿಂಗಳ ಸಾಫ್ಟ್‌ವೇರ್ ಕೋರ್ಸ್ ಮಾಡಿಸಿ ‘ಗ್ಯಾರಂಟಿ ಕೆಲಸ’ ಅಂತ ಹೇಳುವ ಕಡೆ ದುಡ್ಡು ಕಟ್ಟಬೇಡಿ. ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಬೇಕೇ ಬೇಕು, ಆದರೆ ಅದನ್ನು ಕಾಲೇಜಿನಲ್ಲೇ ಕಲಿಯಬಹುದು. ಪ್ರಾಜೆಕ್ಟ್ ರಿಪೋರ್ಟ್ ಅಂಗಡಿಯಲ್ಲಿ ಕೊಳ್ಳುವುದಂತೂ ಬೇಡವೇ ಬೇಡ.

ಹಂತ 3: ಸೈಟ್‌ನಲ್ಲಿ ಕಲಿಯಿರಿ

ಇಂಟರ್ನ್‌ಷಿಪ್‌ಗೆ ದೊಡ್ಡ ಕಂಪನಿ ಹೆಸರೇ ಬೇಕು ಅಂತ ಹಟ ಹಿಡಿಯಬೇಡಿ. ಅಲ್ಲಿ ಎಷ್ಟೋ ಸಲ ಹಾಜರಿ ಬರೆಯುವುದರಲ್ಲೇ ತಿಂಗಳು ಕಳೆದುಹೋಗುತ್ತದೆ. ನಿಮ್ಮ ಊರಿನಲ್ಲೇ ಪಾಯ ತೆಗೆಯುತ್ತಿರುವ ಎರಡು ಮಹಡಿ ಮನೆ ಹುಡುಕಿ. ಟೈಲ್ಸ್ ಹಾಕುವ ಹೊತ್ತಿಗೆ ಹೋದರೆ ನೋಡಬೇಕಾದದ್ದೆಲ್ಲ ಗೋಡೆಯೊಳಗೆ ಮುಚ್ಚಿಹೋಗಿರುತ್ತದೆ. ಹೆಣ್ಣುಮಕ್ಕಳು ಸೈಟ್‌ನಲ್ಲಿ ಶೌಚಾಲಯ ಇದೆಯಾ ಅಂತ ಮೊದಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲದಿದ್ದರೆ ಮಾಡಿಸಿಕೊಡಬೇಕಾದವರು ಕೆಲಸ ಮಾಡಿಸುವವರು.

ಮೂರು ವಸ್ತು ನಿಮ್ಮದೇ ಇರಲಿ: ಸ್ಟೀಲ್ ಟೇಪು, ತೂಗುಗುಂಡು (ಗೋಡೆ ನೆಟ್ಟಗಿದೆಯಾ ನೋಡಲು), ಒಂದು ದಪ್ಪ ಡೈರಿ. ಎಳೆದರೆ ಹಿಗ್ಗುವ ಅಗ್ಗದ ಪ್ಲಾಸ್ಟಿಕ್ ಟೇಪು ತರಬೇಡಿ. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡಿದರೆ ಹೆದರಬೇಡಿ. ಕೊಕ್ಕೆಯ ದಪ್ಪದಷ್ಟು ಅದು ಜರುಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅದನ್ನು ಬಡಿದು ಬಿಗಿ ಮಾಡಿದರೆ ಅಳತೆಯೇ ಕೆಡುತ್ತದೆ.

ಮೊದಲ ವಾರ ಮಾರ್ಕಿಂಗ್ ನೋಡಿ, ಅಂದರೆ ಗೋಡೆ ಬರುವ ಜಾಗವನ್ನು ನೆಲದ ಮೇಲೆ ಗುರುತು ಮಾಡುವುದು. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ. ಆ ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ ಇದೆ. ಮೇಸ್ತ್ರಿ ಇದನ್ನು ದಾರ ಹಿಡಿದು ನಿಮಿಷದಲ್ಲಿ ಮುಗಿಸುತ್ತಾರೆ. ನೀವೂ ಅವರ ಜೊತೆ ಕೂತು ಮಾಡಿ.

ಆಮೇಲೆ ಕಂಬಿ. ಇಲ್ಲಿ ಅವಸರ ಬೇಡ. ತೂಕದ ಸೂತ್ರ ಬಾಯಿಪಾಠ ಇರಲಿ: ಕಂಬಿಯ ದಪ್ಪವನ್ನು ಮಿಲಿಮೀಟರ್‌ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಮಿ.ಮೀ. ಕಂಬಿಗೆ ಅದು 0.89 ಕೆಜಿ. ಲಾರಿಯಿಂದ ಇಳಿದ ಕಂಬಿಯಲ್ಲಿ ಒಂದು ಮೀಟರ್ ತುಂಡು ಕತ್ತರಿಸಿ ನೀವೇ ತೂಗಿ. ತೀರಾ ಕಡಿಮೆ ಬಂದರೆ ಆ ಲೋಡ್ ಬಳಸುವ ಮುಂಚೆ ಇಂಜಿನಿಯರ್‌ಗೆ ಹೇಳಿ.

ನಾನು ಜಾಸ್ತಿ ತಪ್ಪು ನೋಡಿರುವುದು ಬಾಲ್ಕನಿಯಲ್ಲಿ. ಮಾಮೂಲಿ ಸ್ಲ್ಯಾಬ್‌ನ ನಡುಭಾಗದಲ್ಲಿ ಮುಖ್ಯ ಕಂಬಿ ಕೆಳಗಿರುತ್ತದೆ. ಗೋಡೆಯಿಂದ ಆಚೆ ಚಾಚಿದ ಬಾಲ್ಕನಿಯಲ್ಲಿ, ಸಜ್ಜಾದಲ್ಲಿ ಅದು ಮೇಲೆ ಇರಬೇಕು. ಚಾಚಿದ ತುದಿ ಕೆಳಗೆ ಬಾಗಲು ನೋಡುವಾಗ ಎಳೆತ ಬೀಳುವುದು ಮೇಲ್ಭಾಗಕ್ಕೆ. ಕಟ್ಟುವವರು ಸರಿಯಾಗಿಯೇ ಕಟ್ಟಿರುತ್ತಾರೆ. ಆದರೆ ಕಾಂಕ್ರೀಟ್ ದಿನ ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ. ಕಂಬಿಯ ಕೆಳಗೆ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ, ಬಗ್ಗಿಸಿದ ಕಂಬಿಯ ಕಾಲು) ಕೊಟ್ಟಿಲ್ಲದಿದ್ದರೆ ಮೇಲಿನ ಕಂಬಿ ತುಳಿತಕ್ಕೆ ಕೆಳಗಿಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಸೆಂಟ್ರಿಂಗ್ (ಕಾಂಕ್ರೀಟ್ ಹೊತ್ತು ನಿಲ್ಲುವ ಹಲಗೆ, ಆಧಾರ) ಬಿಚ್ಚಿದ ದಿನ ಗೋಡೆಯ ಅಂಚಿನುದ್ದಕ್ಕೂ ಬಿರುಕು ಬಿಟ್ಟಿರುತ್ತದೆ. ಹಾಗೆ ಬಿರುಕು ಬಿಟ್ಟ ಒಂದು ಬಾಲ್ಕನಿಯನ್ನು ಪೂರ್ತಿ ಒಡೆಸಿದ್ದೇವೆ. ಕೆಳಗೆ ಯಾರೂ ಇರಲಿಲ್ಲ ಎಂಬುದೊಂದೇ ಅವತ್ತಿನ ಸಮಾಧಾನ.

ಅದಕ್ಕೇ ಕಾಂಕ್ರೀಟ್ ಹಾಕುವ ಹಿಂದಿನ ಸಂಜೆಯೇ ಸ್ಲ್ಯಾಬ್ ಹತ್ತಿ. ಬಾಲ್ಕನಿ ಕಂಬಿಯನ್ನು ಕೈಯಿಂದ ಒತ್ತಿ, ಕುಸಿಯಬಾರದು. ಕವರ್ ಬ್ಲಾಕ್ (ಕಂಬಿಗೂ ಕಾಂಕ್ರೀಟ್‌ನ ಹೊರಮೈಗೂ ನಡುವೆ ಅಂತರ ಉಳಿಸುವ ಬಿಲ್ಲೆ) ನೋಡಿ: ಸ್ಲ್ಯಾಬ್‌ಗೆ 20 ಮಿ.ಮೀ., ಕಂಬಕ್ಕೆ 40, ಫುಟಿಂಗ್‌ಗೆ (ಕಂಬದ ಕೆಳಗಿನ ಪಾಯಕ್ಕೆ) 50. ಜಲ್ಲಿ ಚೂರನ್ನೇ ಕವರ್ ಬ್ಲಾಕ್ ಅಂತ ಇಟ್ಟಿದ್ದರೆ ತೆಗೆಸಿ. ‘ಸಾರ್, ಗಾಡಿ ಬಂದ್ಬಿಟ್ಟಿದೆ, ಆಮೇಲೆ ನೋಡೋಣ’ ಅಂತಾರೆ. ಆಮೇಲೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ, ಅಲ್ವಾ? ಮೇಸ್ತ್ರಿ ನಿಮಗಿಂತ ವಯಸ್ಸಿನಲ್ಲಿ ಹಿರಿಯರು. ಅಣ್ಣಾ ಅಂತಲೇ ಮಾತಾಡಿಸಿ, ಆದರೆ ಬಿಟ್ಟುಕೊಡಬೇಡಿ.

ಕಾಂಕ್ರೀಟ್‌ಗೆ ಪೈಪಿನಿಂದ ನೀರು ಬಿಡುತ್ತಿದ್ದರೆ ತಕ್ಷಣ ನಿಲ್ಲಿಸಿ. ಹರಡಲು ಸುಲಭ ಆಗುತ್ತದೆ ನಿಜ, ಬಲ ಹೋಗುತ್ತದೆ. 150 ಮಿ.ಮೀ. ಕ್ಯೂಬ್‌ಗಳನ್ನು ನಿಮ್ಮ ಕೈಯಾರೆ ತುಂಬಿ. 7ನೇ ದಿನ, 28ನೇ ದಿನ ಲ್ಯಾಬ್‌ನಲ್ಲಿ ಒಡೆಯುವಾಗ ಪಕ್ಕದಲ್ಲಿ ನಿಂತು ನೋಡಿ, ಬಂದ ಅಂಕಿ ಡೈರಿಗೆ ಬರೆದುಕೊಳ್ಳಿ. ಪ್ರತಿ ಸಂಜೆ ಅರ್ಧ ಪುಟ ಸಾಕು: ಇವತ್ತು ಏನು ನಡೆಯಿತು, ಎಷ್ಟು ಚೀಲ ಸಿಮೆಂಟ್ ಖರ್ಚಾಯಿತು, ಎಲ್ಲಿ ತಪ್ಪಾಯಿತು.

ಹಂತ 4: ಕೆಲಸ

ಇಂಟರ್‌ವ್ಯೂಗೆ ಆ ಡೈರಿ ತೆಗೆದುಕೊಂಡು ಹೋಗಿ. ಸರ್ಟಿಫಿಕೇಟ್ ಫೈಲ್‌ಗಿಂತ ಅದನ್ನೇ ನಾನು ಮೊದಲು ತೆರೆಯುವುದು. ಸೈಟ್ ಇಂಜಿನಿಯರ್ ಆಗಿ ಎರಡು ಮೂರು ವರ್ಷ ಕಳೆಯಿರಿ. ಲೆಕ್ಕ ಇಷ್ಟ ಇರುವವರಿಗೆ ಬಿಲ್ಲಿಂಗ್ (ಆದ ಕೆಲಸ ಅಳೆದು ಬಿಲ್ ಮಾಡುವುದು) ಇದೆ, ಪರೀಕ್ಷೆ ಮಾಡುವುದು ಇಷ್ಟ ಇದ್ದರೆ ಕ್ವಾಲಿಟಿ ಲ್ಯಾಬ್ ಇದೆ. ಸರ್ಕಾರಿ ಕೆಲಸ ಬೇಕೆಂದರೆ ಡಿಪ್ಲೊಮಾದವರಿಗೆ ಜೆಇ (ಜೂನಿಯರ್ ಇಂಜಿನಿಯರ್), ಬಿಇಯವರಿಗೆ ಎಇ (ಅಸಿಸ್ಟೆಂಟ್ ಇಂಜಿನಿಯರ್) ಹುದ್ದೆಗಳಿವೆ. ಅದಕ್ಕೆ ಓದುತ್ತಾ ವರ್ಷಗಟ್ಟಲೆ ಮನೆಯಲ್ಲಿ ಕೂರಬೇಡಿ, ಕೆಲಸ ಮಾಡುತ್ತಲೇ ಓದಿ.

ಗಾರೆ ಕೆಲಸದವರ ಮನೆಯ ಮಕ್ಕಳಿಗೆ ಒಂದು ವಿಷಯ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರ ಮಕ್ಕಳಿಗೆ ಓದಲು ಸಹಾಯಧನ ಇದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಣಿ ಮಾಡಿಸಬಹುದು. ಅಪ್ಪ ಅಮ್ಮನ ಲೇಬರ್ ಕಾರ್ಡ್ ನವೀಕರಣ ಆಗಿದೆಯಾ ಅಂತ ಕಾಲೇಜು ಶುರುವಾಗುವ ಮೊದಲೇ ನೋಡಿಕೊಳ್ಳಿ.