ಹುಬ್ಬಳ್ಳಿ-ಧಾರವಾಡದಲ್ಲಿ ಮನೆಪಟ್ಟಿಯ ದಾಖಲೆಯನ್ನು ಹುಡುಕುವ ಮತ್ತು ಓದುವ ಬಗೆ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಪಟ್ಟಿ, ಅಂದರೆ ಆಸ್ತಿ ತೆರಿಗೆ, ತುಂಬುವ ಮಾತು ಏಳುತ್ತದೆ. ಆ ತಿಂಗಳೊಳಗೆ ತುಂಬಿದರೆ ಸಿಗುವ ಶೇ 5ರ ರಿಯಾಯಿತಿ ತಪ್ಪಬಾರದೆಂದು ಮನೆಯಲ್ಲಿ ಒಬ್ಬರು ವಲಯ ಕಚೇರಿಯ ಕೌಂಟರಿಗೆ ಹೋಗಿಯೋ ಮೊಬೈಲಿನಲ್ಲಿಯೋ ಹಣ ಕಟ್ಟಿ, ಪಾವತಿಯನ್ನು, ಅಂದರೆ ರಸೀದಿಯನ್ನು, ಹಳೆಯ ಪಾವತಿಗಳ ಕಟ್ಟಿಗೆ ಸೇರಿಸುತ್ತಾರೆ. ಅದರಲ್ಲಿ ಬರೆದಿರುವ ಹೆಸರು, ಅಳತೆ, ಕಟ್ಟಡದ ವರ್ಗ, ಕಟ್ಟಿದ ವರ್ಷ ಸರಿಯಾಗಿವೆಯೇ ಎಂದು ಕೂತು ಓದುವವರು ತೀರ ಕಡಿಮೆ. ಮನೆ ಮಾರುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅಥವಾ ಅಣ್ಣತಮ್ಮಂದಿರ ನಡುವೆ ವಾಟ್ನಿ (ಆಸ್ತಿಯ ಪಾಲು) ಆಗುವಾಗ ಹತ್ತಾರು ವರ್ಷಗಳ ತಪ್ಪು ಒಮ್ಮೆಲೇ ಎದುರಿಗೆ ಬರುತ್ತದೆ. ಆಗ ತಿದ್ದಿಸಿಕೊಳ್ಳಲು ಸಮಯವೂ ಇರುವುದಿಲ್ಲ, ಸಮಾಧಾನವೂ ಇರುವುದಿಲ್ಲ. ಪಟ್ಟಿಯ ದಾಖಲೆಯನ್ನು ವರ್ಷಕ್ಕೊಮ್ಮೆ ಹಣ ಕಟ್ಟುವ ಚೀಟಿಯೆಂದು ನೋಡದೆ, ಓದಿ ಪರಿಶೀಲಿಸಬೇಕಾದ ದಾಖಲೆಯೆಂದು ನೋಡಬೇಕು ಎನ್ನುವುದೇ ಈ ಬರಹದ ಉದ್ದೇಶ.

ಒಂದು ಆಸ್ತಿ, ಮೂರು ಕಚೇರಿ

ಮೊದಲು ತಿಳಿಯಬೇಕಾದದ್ದು, ನಮ್ಮ ಭಾಗದಲ್ಲಿ ಒಂದೇ ಮನೆಯ ಬಗ್ಗೆ ಮೂರು ಕಚೇರಿಗಳು ಬೇರೆ ಬೇರೆ ದಾಖಲೆ ಇಟ್ಟಿರುತ್ತವೆ. ಮಹಾನಗರ ಪಾಲಿಕೆಯಲ್ಲಿ ಇರುವುದು ತೆರಿಗೆಯ ದಾಖಲೆ, ಅಂದರೆ ಖಾತೆ. ಸಿಟಿ ಸರ್ವೆ ಕಚೇರಿಯಲ್ಲಿ ಇರುವುದು ಸಿ.ಟಿ.ಎಸ್. (ಸಿಟಿ ಸರ್ವೆಯ) ನಂಬರಿನ ಪ್ರಾಪರ್ಟಿ ಕಾರ್ಡ್. ಹಳೆಯ ಮುಂಬಯಿ ಪ್ರಾಂತ್ಯದ ಪದ್ಧತಿಯಿಂದ ಬಂದ ಈ ಕಾರ್ಡನ್ನು ಹಿರಿಯರು ಇಂದಿಗೂ ಉತಾರ ಎಂದೇ ಕರೆಯುತ್ತಾರೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇರುವುದು ಖರೇದಿ ಪತ್ರ, ಬಕ್ಷೀಸ್ (ದಾನ) ಪತ್ರ, ವಾಟ್ನಿ ಪತ್ರಗಳ ನೋಂದಣಿ ಮತ್ತು ಅವುಗಳಿಂದ ತಯಾರಾಗುವ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಈ ಮೂರರಲ್ಲಿ ಒಂದನ್ನು ತಿದ್ದಿದರೆ ಉಳಿದೆರಡು ತಾವಾಗಿಯೇ ಬದಲಾಗುತ್ತವೆ ಎಂದು ನಂಬಿ ಕೂಡಬಾರದು. ಖರೇದಿ ಆದ ಕೂಡಲೇ ಎಲ್ಲ ಕಡೆ ಹೆಸರು ಏರಿತೆಂದು ತಿಳಿದು ಸುಮ್ಮನಾದವರ ಮನೆಯ ಪಟ್ಟಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಬರುತ್ತಿರುವುದು ನಮ್ಮ ಓಣಿಗಳಲ್ಲಿ ಅಪರೂಪವೇನಲ್ಲ.

ಇದರ ಜೊತೆಗೆ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಖಾತೆಯಲ್ಲಿ ಹೆಸರಿದೆ, ಇಪ್ಪತ್ತು ವರ್ಷ ಪಟ್ಟಿ ತುಂಬಿದ ಪಾವತಿಗಳಿವೆ ಎಂಬ ಕಾರಣಕ್ಕೇ ಯಾರೂ ಆಸ್ತಿಯ ಮಾಲೀಕರಾಗುವುದಿಲ್ಲ. ಖಾತೆ ಎಂದರೆ ತೆರಿಗೆ ಕೊಡಬೇಕಾದವರು ಯಾರು ಎಂದು ಪಾಲಿಕೆ ಬರೆದಿಟ್ಟುಕೊಂಡ ನಮೂದು. ಅಂಥ ನಮೂದಿನಿಂದ ಹಕ್ಕು ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗೆಂದು ಖಾತೆಯನ್ನು ಕಡೆಗಣಿಸುವಂತೆಯೂ ಇಲ್ಲ, ಏಕೆಂದರೆ ಇಂದು ಇ-ಖಾತೆ (ಕಂಪ್ಯೂಟರಿಗೆ ಏರಿದ ಖಾತೆ) ಇಲ್ಲದೆ ನಗರದ ಆಸ್ತಿಯ ಮಾರಾಟ ನೋಂದಣಿಯಾಗುವುದೇ ಇಲ್ಲ.

ದಾಖಲೆ ಹುಡುಕುವುದು

ಹಳೆಯ ಪಾವತಿ ಕೈಯಲ್ಲಿದ್ದರೆ ಕೆಲಸ ಸುಲಭ. ಅದರ ಮೇಲಿರುವ ಆಸ್ತಿ ಗುರುತಿನ ಸಂಖ್ಯೆಯನ್ನು, ಅಂದರೆ ಪಿ.ಐ.ಡಿ.ಯನ್ನು, ಪಾಲಿಕೆಯ ಆನ್‌ಲೈನ್ ತೆರಿಗೆ ವ್ಯವಸ್ಥೆಯಲ್ಲಿ ಹಾಕಿದರೆ ಮಾಲೀಕರ ಹೆಸರು, ಬಾಕಿ ಮತ್ತು ಈ ವರ್ಷದ ಬೇಡಿಕೆ ತೆರೆಯ ಮೇಲೆ ಬರುತ್ತವೆ. ಆನ್‌ಲೈನ್ ರೂಢಿಯಿಲ್ಲದವರು ತಮ್ಮ ವಾರ್ಡು ಸೇರುವ ವಲಯ ಕಚೇರಿಗೆ ಹೋಗಬಹುದು. ಅವಳಿನಗರದಲ್ಲಿ 82 ವಾರ್ಡುಗಳೂ 12 ವಲಯ ಕಚೇರಿಗಳೂ ಇವೆ. ವಾರ್ಡುಗಳ ಮರುವಿಂಗಡಣೆಯಾದ ಮೇಲೆ ಹಳೆಯ ಪಾವತಿಯಲ್ಲಿರುವ ವಾರ್ಡ್ ನಂಬರ್ ಈಗಿನದಕ್ಕೆ ಹೊಂದದೇ ಇರಬಹುದಾದ್ದರಿಂದ, ಹೊರಡುವ ಮುಂಚೆ ನೆರೆಮನೆಯವರ ಈ ವರ್ಷದ ಪಾವತಿಯನ್ನು ಒಮ್ಮೆ ನೋಡಿಕೊಂಡರೆ ಓಡಾಟ ಉಳಿಯುತ್ತದೆ.

ಪಾವತಿಯೇ ಇಲ್ಲದಿದ್ದರೆ ಹುಡುಕಾಟ ಸ್ವಲ್ಪ ಉದ್ದವಾಗುತ್ತದೆ. ದುರ್ಗದಬೈಲ್, ಹಳೇಹುಬ್ಬಳ್ಳಿ, ಧಾರವಾಡದ ಲೈನ್ ಬಜಾರದಂಥ ಹಳೆಯ ಭಾಗಗಳಲ್ಲಿ ಸಿ.ಟಿ.ಎಸ್. ನಂಬರ್ ಮತ್ತು ಹಳೆಯ ಮನೆ ನಂಬರ್ ಹಿಡಿದು ಹೋಗಬೇಕು. ಹೊಸ ಬಡಾವಣೆಗಳಲ್ಲಿ ಆರ್.ಎಸ್. (ಜಮೀನಿನ ಕಂದಾಯ ಸರ್ವೆ) ನಂಬರ್ ಹಾಗೂ ಪ್ಲಾಟ್ ನಂಬರ್ ಬೇಕಾಗುತ್ತವೆ. ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಹುಡಾ, ಮಂಜೂರು ಮಾಡಿದ ಬಡಾವಣೆಯಾಗಿದ್ದರೆ ಲೇಔಟ್ ನಕ್ಷೆಯ ಪ್ರತಿಯನ್ನೂ, ಖಾಸಗಿ ಜಮೀನಿನಲ್ಲಿ ಆದ ಪ್ಲಾಟಾಗಿದ್ದರೆ ಎನ್.ಎ. (ಕೃಷಿಯೇತರ ಬಳಕೆಗೆ ಭೂಪರಿವರ್ತನೆಯ) ಆದೇಶದ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಉಣಕಲ್, ನವಲೂರ, ಸತ್ತೂರ, ಅಮರಗೋಳದಂತಹ ಊರುಗಳು ಪಾಲಿಕೆಯ ಹದ್ದಿನೊಳಗೆ ಸೇರಿದ್ದರೂ ಅಲ್ಲಿನ ಗಾವಠಾಣದ (ಹಳೆಯ ಊರಿನ ವಸತಿ ಜಾಗದ) ಹಳೆಯ ಮನೆಗಳ ಕಾಗದಪತ್ರಗಳಲ್ಲಿ ಹಿಂದಿನ ನಂಬರುಗಳೇ ಉಳಿದಿರುವುದುಂಟು. ಆ ನಂಬರ್ ಈಗಿನ ಯಾವ ಪಿ.ಐ.ಡಿ.ಗೆ ಹೊಂದುತ್ತದೆ ಎಂಬುದನ್ನು ಕಂದಾಯ ನಿರೀಕ್ಷಕರ ಬಳಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಕಚೇರಿಯಲ್ಲಿ ಬಾಕಿ ಎಷ್ಟಿದೆ ಎಂದಷ್ಟೇ ಕೇಳಿದರೆ ಅಷ್ಟಕ್ಕೇ ಉತ್ತರ ಸಿಗುತ್ತದೆ. ಬೇಡಿಕೆ ರಜಿಸ್ಟರಿನ (ಯಾರಿಂದ ಎಷ್ಟು ತೆರಿಗೆ ಬರಬೇಕೆಂದು ಬರೆದಿಟ್ಟ ಪುಸ್ತಕದ) ನಕಲು, ಕರ ನಿರ್ಧಾರಣೆಯ ನಮೂನೆಯ ಪ್ರತಿ ಮತ್ತು ಇ-ಖಾತೆಯ ಪ್ರತಿ ಬೇಕೆಂದು ಅರ್ಜಿಯಲ್ಲೇ ಬರೆದುಕೊಡಬೇಕು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯದೆ ಮೇಜು ಬಿಟ್ಟು ಏಳಬಾರದು. ನಿಗದಿತ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆಯಡಿ ಬರುವ ಸೇವೆಯಾಗಿದ್ದರೆ ಸಕಾಲ ಸಂಖ್ಯೆಯನ್ನೂ ಕೇಳಿ ಪಡೆಯಬೇಕು, ಏಕೆಂದರೆ ಅರ್ಜಿ ಎಲ್ಲಿ ನಿಂತಿದೆ ಎಂದು ಮುಂದೆ ತಿಳಿಯಲು ಅದೇ ಆಧಾರ.

ಪಟ್ಟಿ ಹೇಗೆ ನಿಗದಿಯಾಗುತ್ತದೆ

ಬೆಂಗಳೂರಿನಲ್ಲಿ 2008ರಿಂದ ಬಂದ ಪದ್ಧತಿಯೇ ಬೇರೆ, ನಮ್ಮದೇ ಬೇರೆ. ಆದ್ದರಿಂದ ಬೆಂಗಳೂರಿನ ಲೆಕ್ಕದ ವಿಡಿಯೋ ನೋಡಿ ಇಲ್ಲಿನ ಪಟ್ಟಿಯನ್ನು ಅಳೆಯಲು ಹೋಗಬಾರದು. ಇಲ್ಲಿ ಆಧಾರವಾಗುವುದು ಆಸ್ತಿಯ ಬಂಡವಾಳ ಮೌಲ್ಯ. ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಆಧಾರದ ಮೇಲೆ ಜಾಗದ ಬೆಲೆಯನ್ನು ಹಿಡಿದು, ಕಟ್ಟಡದ ಬಗೆಗೆ ತಕ್ಕಂತೆ ಅದರ ಬೆಲೆಯನ್ನು ಕೂಡಿಸಿ, ಕಟ್ಟಡ ಹಳೆಯದಾದಷ್ಟೂ ಸವಕಳಿಯನ್ನು ಕಳೆದು, ಉಳಿದ ಮೌಲ್ಯದಲ್ಲಿ ಕಾಯ್ದೆ ಹೇಳಿದಷ್ಟು ಭಾಗವನ್ನು ತೆರಿಗೆಗೆ ಹಿಡಿದು, ಅದರ ಮೇಲೆ ವಾಸಕ್ಕೆ ಒಂದು ದರ, ವಾಣಿಜ್ಯಕ್ಕೆ ಇನ್ನೊಂದು ದರ, ಖಾಲಿ ಜಾಗಕ್ಕೆ ಮತ್ತೊಂದು ದರದಂತೆ ತೆರಿಗೆ ಹಾಕುತ್ತಾರೆ. ಇದನ್ನು ಸ್ವಯಂ ಘೋಷಿತ ಆಸ್ತಿ ತೆರಿಗೆ ಎನ್ನುತ್ತಾರೆ. ಅಂದರೆ ಅಳತೆ, ಉಪಯೋಗ, ಕಟ್ಟಿದ ವರ್ಷ ಮುಂತಾದ ವಿವರಗಳನ್ನು ಘೋಷಿಸುವ ಹೊಣೆ ಮಾಲೀಕರದು; ಅದನ್ನು ಪರಿಶೀಲಿಸುವ ಅಧಿಕಾರ ಪಾಲಿಕೆಯದು. ಏಜೆಂಟರು ತುಂಬಿದ ಫಾರ್ಮಿಗೆ ಕಣ್ಣುಮುಚ್ಚಿ ಸಹಿ ಮಾಡಿದರೂ ಅದರಲ್ಲಿನ ತಪ್ಪಿಗೆ ಉತ್ತರ ಹೇಳಬೇಕಾದವರು ಸಹಿ ಮಾಡಿದವರೇ.

ತೆರಿಗೆಯ ಕೆಳಗಿನ ಸಾಲುಗಳಲ್ಲಿ ಉಪಕರಗಳಿರುತ್ತವೆ. ತೆರಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಆರೋಗ್ಯ ಉಪಕರ ಶೇ 15ರಂತೆ 600, ಗ್ರಂಥಾಲಯ ಉಪಕರ ಶೇ 6ರಂತೆ 240, ಭಿಕ್ಷುಕರ ಉಪಕರ ಶೇ 3ರಂತೆ 120, ಒಟ್ಟು 960 ರೂಪಾಯಿ ಸೇರಿ ಮೊತ್ತ 4,960 ಆಗುತ್ತದೆ. ನಗರ ಸಾರಿಗೆ ಉಪಕರ ಮತ್ತು ಘನತ್ಯಾಜ್ಯ ನಿರ್ವಹಣೆಯ ಶುಲ್ಕ ಪ್ರತ್ಯೇಕ ಸಾಲುಗಳಲ್ಲಿ ಬರುತ್ತವೆ. ಮೇ ಮತ್ತು ಜೂನ್‌ನಲ್ಲಿ ತುಂಬಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ ಏರುತ್ತ ಹೋಗುವುದರಿಂದ, ಇದೇ ತೆರಿಗೆಯನ್ನು ಡಿಸೆಂಬರಿಗೆ ತಳ್ಳಿದರೆ ಆರು ತಿಂಗಳ ಶೇ 12, ಅಂದರೆ ತೆರಿಗೆಯ ಮೇಲೆಯೇ 480 ರೂಪಾಯಿ ಹೆಚ್ಚಾಗುತ್ತದೆ. ಹಲವು ವರ್ಷಗಳ ಬಾಕಿಯಿದ್ದವರಿಗೆ ದಂಡವೇ ಅಸಲನ್ನು ಮೀರಿಸುವುದು ಹೀಗೆ.

ಸಾಲುಸಾಲಾಗಿ ಓದುವುದು

ಪ್ರತಿ ಕೈಗೆ ಬಂದ ಮೇಲೆ ಮೊದಲು ಅಳತೆಯನ್ನು ನೋಡಬೇಕು, ಏಕೆಂದರೆ ಹೆಚ್ಚಿನ ಗೊಂದಲ ಇರುವುದು ಅಲ್ಲಿಯೇ. ಹಳೆಯ ಖರೇದಿ ಪತ್ರದಲ್ಲಿ ಚದರ ಗಜ, ಪ್ರಾಪರ್ಟಿ ಕಾರ್ಡಿನಲ್ಲಿ ಚದರ ಮೀಟರ್, ಜನರ ಬಾಯಲ್ಲಿ ಮತ್ತು ತೆರಿಗೆಯ ನಮೂನೆಯಲ್ಲಿ ಚದರ ಅಡಿ. 30 ಅಡಿ ಅಗಲ, 40 ಅಡಿ ಉದ್ದದ ಪ್ಲಾಟು 1,200 ಚದರ ಅಡಿ. ಅದೇ ಜಾಗ ಗಜದಲ್ಲಿ 133.33, ಮೀಟರಿನಲ್ಲಿ 111.48. ಗಜವನ್ನು 9ರಿಂದ, ಚದರ ಮೀಟರನ್ನು 10.764ರಿಂದ ಗುಣಿಸಿದರೆ ಚದರ ಅಡಿ ಸಿಗುತ್ತದೆ. ಗುಂಟೆಯ ಲೆಕ್ಕದಲ್ಲಿ ಬರೆದಿದ್ದರೆ ಒಂದು ಗುಂಟೆಗೆ 1,089 ಚದರ ಅಡಿ. ಮೂರೂ ಕಾಗದಗಳನ್ನು ಎದುರಿಗಿಟ್ಟುಕೊಂಡು ಈ ಲೆಕ್ಕ ಮಾಡಿದಾಗ ಹತ್ತಿಪ್ಪತ್ತು ಅಡಿಗಳ ವ್ಯತ್ಯಾಸ ಕಂಡರೆ ಪರವಾಗಿಲ್ಲ, ಪರಿವರ್ತನೆಯಲ್ಲಿ ಅಷ್ಟು ಆಗುತ್ತದೆ. ನೂರಾರು ಅಡಿಗಳ ವ್ಯತ್ಯಾಸವಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ: ರಸ್ತೆ ಅಗಲೀಕರಣದಲ್ಲಿ ಹೋದ ಭಾಗ, ವಾಟ್ನಿಯಲ್ಲಿ ತಮ್ಮನಿಗೆ ಹೋದ ಪಾಲು, ಇಲ್ಲವೇ ಕಂಪ್ಯೂಟರಿಗೆ ಏರಿಸುವಾಗ ಮೀಟರನ್ನೇ ಅಡಿಯೆಂದು ಬರೆದ ತಪ್ಪು.

ಎರಡನೆಯದು ಉಪಯೋಗ. ಮುಂದಿನ ಒಂದು ಕೋಣೆಯಲ್ಲಿ ಕಿರಾಣಿ ಅಂಗಡಿ ಇದ್ದರೆ ಆ ಕೋಣೆಯ ಅಳತೆಗೆ ಮಾತ್ರ ವಾಣಿಜ್ಯ ದರ ಬೀಳಬೇಕು, ಇಡೀ ಮನೆಗಲ್ಲ. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ದಾಖಲೆಯಲ್ಲಿ ಅದು ಉಳಿದಿದ್ದರೆ ಹೆಚ್ಚಿನ ದರವೇ ಮುಂದುವರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಮನೆ ಕಟ್ಟಿ ಮೇಲಂತಸ್ತು ಏರಿಸಿದ ಮೇಲೂ ಖಾಲಿ ಜಾಗವೆಂದೇ ಪಟ್ಟಿ ತುಂಬುತ್ತ ಬಂದವರು ಅದನ್ನು ಉಳಿತಾಯವೆಂದು ತಿಳಿಯಬಾರದು. ಪರಿಶೀಲನೆಯಲ್ಲಿ ಸಿಕ್ಕಿಬಿದ್ದಾಗ ಹಿಂದಿನ ವ್ಯತ್ಯಾಸವನ್ನೆಲ್ಲ ದಂಡದೊಡನೆ ಕಟ್ಟಬೇಕಾಗುತ್ತದೆ. ಕಟ್ಟಿದ ವರ್ಷವನ್ನೂ ನೋಡಿ: 1985ರ ಮನೆಯನ್ನು 2005ರದೆಂದು ಬರೆದಿದ್ದರೆ ಸಿಗಬೇಕಾದ ಸವಕಳಿ ಕಡಿಮೆಯಾಗಿ ತೆರಿಗೆ ಹೆಚ್ಚುತ್ತದೆ.

ಹೆಸರಿನ ಕಾಗುಣಿತ, ಅಡ್ಡಹೆಸರು, ಚತುಸ್ಸೀಮೆ (ನಾಲ್ಕು ದಿಕ್ಕಿನ ಗಡಿ) ಇವು ಖರೇದಿ ಪತ್ರಕ್ಕೆ ಹೊಂದುತ್ತವೆಯೇ ನೋಡಿ. ಒಂದೇ ಆಸ್ತಿಗೆ ಎರಡು ಪಿ.ಐ.ಡಿ. ಇಲ್ಲವೆಂಬುದನ್ನೂ ವಿಚಾರಿಸಿ. ಹಳೆಯ ಮನೆ ನಂಬರಿಗೊಂದು, ಹೊಸ ಸಮೀಕ್ಷೆಯ ನಂಬರಿಗೊಂದು ಖಾತೆ ಇದ್ದು, ತುಂಬಿದ ಹಣ ಒಂದರಲ್ಲಿ ಜಮೆಯಾಗಿ ಇನ್ನೊಂದರಲ್ಲಿ ಬಾಕಿ ಬೆಳೆಯುತ್ತಿರಬಹುದು. ಇ-ಖಾತೆ ಎ ವರ್ಗದ್ದೋ ಬಿ ವರ್ಗದ್ದೋ ಎಂಬುದನ್ನು ಖರೀದಿಸುವವರು ಮುಂಗಡ ಹಣ ಕೊಡುವ ಮೊದಲೇ ನೋಡಬೇಕು. ಬಿ ಖಾತೆ ಎಂದರೆ ಬಡಾವಣೆಯ ಮಂಜೂರಾತಿಯಲ್ಲಿ ಅಥವಾ ಭೂಪರಿವರ್ತನೆಯಲ್ಲಿ ಕೊರತೆಯಿದೆ, ಆದರೂ ತೆರಿಗೆ ವಸೂಲಿಗಾಗಿ ದಾಖಲಿಸಲಾಗಿದೆ ಎಂದು ಅರ್ಥ.

ಹೋಲಿಕೆಗೆ ಬೇಕಾದ ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಪಡೆಯಬಹುದು. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. 2004ಕ್ಕಿಂತ ಹಿಂದಿನದಕ್ಕೆ ಸಾಮಾನ್ಯವಾಗಿ ಉಪನೋಂದಣಾಧಿಕಾರಿಗಳ ಕಚೇರಿಗೇ ಹೋಗಬೇಕು.

ತಿದ್ದಿಸಿಕೊಳ್ಳುವುದು

ಒಂದು ಅರ್ಜಿಯಲ್ಲಿ ಒಂದೇ ತಪ್ಪನ್ನು ಬರೆಯಿರಿ ಎಂಬುದು ನನ್ನ ಸಲಹೆ. ಹೆಸರು, ಅಳತೆ, ಉಪಯೋಗ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಒಂದಕ್ಕೆ ಬೇಕಾದ ಕಾಗದ ಕಡಿಮೆ ಬಿದ್ದರೂ ಉಳಿದವೂ ಅದರೊಡನೆ ನಿಲ್ಲುತ್ತವೆ. ಅಳತೆಯ ತಪ್ಪಿಗೆ ಪ್ರಾಪರ್ಟಿ ಕಾರ್ಡ್, ಉಪಯೋಗದ ತಪ್ಪಿಗೆ ಈಗಿನ ಫೋಟೋ ಮತ್ತು ವಿದ್ಯುತ್ ಬಿಲ್, ಕಟ್ಟಿದ ವರ್ಷಕ್ಕೆ ಪರವಾನಿಗೆ ಪತ್ರ ಅಥವಾ ಆ ಕಾಲದ ಪಟ್ಟಿ ಪಾವತಿ ಹಚ್ಚಿದರೆ ಸ್ಥಳ ಪರಿಶೀಲನೆಗೆ ಬರುವವರಿಗೂ ಅನುಕೂಲ. ತಕರಾರು ಇದೆಯೆಂದು ಪಟ್ಟಿಯನ್ನೇ ನಿಲ್ಲಿಸಬೇಡಿ. ಹಣ ತುಂಬಿ, ತಕರಾರನ್ನು ಬರಹದಲ್ಲಿ ಇಟ್ಟರೆ ದಂಡದ ಭಯವಿಲ್ಲ. ಹಳೆಯ ರಜಿಸ್ಟರಿನ ಪ್ರತಿ ಸಿಗದೆ ತೊಂದರೆಯಾದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕು.

ಆಸ್ತಿ ಕೈ ಬದಲಾದಾಗ, ಮಾರಿದವರೂ ಕೊಂಡವರೂ ಮೂರು ತಿಂಗಳೊಳಗೆ ಪಾಲಿಕೆಗೆ ತಿಳಿಸಬೇಕೆಂದು 1976ರ ಮಹಾನಗರ ಪಾಲಿಕೆಗಳ ಕಾಯ್ದೆ ಹೇಳುತ್ತದೆ. ಮಾರಿದವರು ತಿಳಿಸದಿದ್ದರೆ, ತಿಳಿಸುವವರೆಗಿನ ತೆರಿಗೆಯ ಹೊಣೆ ಅವರ ಮೇಲೆಯೇ ಉಳಿಯುತ್ತದೆ. ಹೀಗಾಗಿ ಮಾರಿದವರಿಗೂ ಖಾತೆ ಬದಲಾವಣೆ ತಮ್ಮದೇ ಕೆಲಸ.

ಗದಗ-ಬೆಟಗೇರಿ, ಹಾವೇರಿ, ರಾಣೇಬೆನ್ನೂರು ನಗರಸಭೆಗಳಿಗೆ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆ. ಓದುವ ಕ್ರಮ ಇದೇ ಆದರೂ ಅಲ್ಲಿ ಕೇಳಬೇಕಾದ ಇ-ಆಸ್ತಿ ಪ್ರತಿ ನಮೂನೆ-3. ಗ್ರಾಮ ಪಂಚಾಯಿತಿಯ ಹದ್ದಿನಲ್ಲಿದ್ದರೆ ಇ-ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11ಎ ಎರಡನ್ನೂ ಪಡೆಯಬೇಕು. ಕೈಗೆ ಬಂದದ್ದು 11ಬಿ ಆಗಿದ್ದರೆ ಜಾಗದ ಭೂಪರಿವರ್ತನೆ ಮತ್ತು ಬಡಾವಣೆಯ ಮಂಜೂರಾತಿಯ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕಂಡು ಕೇಳಿದ ಮೇಲೆಯೇ ಮುಂದಿನ ವ್ಯವಹಾರಕ್ಕೆ ಕೈ ಹಾಕಬೇಕು.