ಮೂರೂವರೆ ಗಂಟೆಯ ಲಾಭ: ಮಾವನವರೊಂದಿಗೆ ಪ್ರಾಗಿನಲ್ಲಿ ಒಂದು ವಾರಾಂತ್ಯ

ಊರಿನಿಂದ ಬಂದ ಹಿರಿಯರನ್ನು ಮೊದಲ ವಾರ ಎಲ್ಲಿಗೂ ಕರೆದೊಯ್ಯಬಾರದು, ಅವರ ನಿದ್ದೆ ಇಲ್ಲಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು ಎಂಬುದು ಜರ್ಮನಿಯ ಎರ್ಲಾಂಗೆನ್ ಊರಿನ ನಮ್ಮ ಕನ್ನಡಿಗರಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ನಾನು ಒಪ್ಪಲಿಲ್ಲ. ಮೇ ತಿಂಗಳ ಮೊದಲ ವಾರ ಮಾವನವರು ಬಂದಿಳಿದರು, ಅದೇ ವಾರದ ಶುಕ್ರವಾರ ಅವರನ್ನು ಚೆಕ್ ದೇಶದ ರಾಜಧಾನಿ ಪ್ರಾಗಿನ ಬಸ್ಸು ಹತ್ತಿಸಿದೆ. ಎಪ್ಪತ್ತು ದಾಟಿದವರು, ಎರಡೂ ಮಂಡಿ ಸವೆದಿವೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಗೆಳೆಯರು ನಕ್ಕರು. ಒಬ್ಬರಂತೂ ತಮಗೆ ಗೊತ್ತಿದ್ದ ಪ್ಯಾಕೇಜ್ ಪ್ರವಾಸದ ದರಪಟ್ಟಿಯನ್ನೇ ಕಳಿಸಿದರು. ಇಬ್ಬರಿಗೆ ಐನೂರು ಯೂರೋ ದಾಟುತ್ತಿತ್ತು, ಊಟ ಸೇರಿರಲಿಲ್ಲ. ಕೆಲಸ ಮುಗಿಸಿಕೊಂಡು ಬಂದ ಮೇಲೆ ಅದೇ ಜನ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಉಪಾಯ ಇಷ್ಟೇ. ಬೇಸಿಗೆಯಲ್ಲಿ ಭಾರತಕ್ಕೂ ಮಧ್ಯ ಯುರೋಪಿಗೂ ಮೂರೂವರೆ ಗಂಟೆಯ ಅಂತರ. ಶಿವಮೊಗ್ಗದಲ್ಲಿ ಆರಕ್ಕೆ ಏಳುವವರು ಇಲ್ಲಿ ಎರಡೂವರೆಗೇ ಎದ್ದು ಕುಳಿತಿರುತ್ತಾರೆ, ಸಂಜೆ ಏಳರ ಹೊತ್ತಿಗೆ ತೂಕಡಿಸುತ್ತಾರೆ. ಇದನ್ನು ಕಾಯಿಲೆ ಎಂದು ತಿಳಿದು ವಾಸಿ ಮಾಡಲು ಹೊರಟರೆ ಒಂದು ವಾರ ಹಾಳು. ಅದನ್ನೇ ವೇಳಾಪಟ್ಟಿ ಮಾಡಿಕೊಂಡರೆ ಪ್ರಾಗಿನಂಥ ಕಿಕ್ಕಿರಿದ ಊರು ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ನಿಮ್ಮದೇ. ನಮ್ಮಂಥವರು ಅಲಾರಂ ಇಟ್ಟು, ಗೊಣಗಿ, ಕೊನೆಗೆ ಏಳದೇ ಮಲಗುವ ಹೊತ್ತಿನಲ್ಲಿ ಅವರು ಸ್ವೆಟರ್ ಹಾಕಿಕೊಂಡು ಬಾಗಿಲ ಬಳಿ ನಿಂತಿರುತ್ತಾರೆ.

ಈ ಯೋಚನೆ ಹುಟ್ಟಿದ್ದು ಸೋಲಿನಿಂದ. ಹಿಂದೊಮ್ಮೆ ನನ್ನ ಅಪ್ಪ ಅಮ್ಮನನ್ನು ಎಲ್ಲರೂ ಹೇಳುವ ಕ್ರಮದಲ್ಲೇ, ಹತ್ತು ದಿನ ವಿಶ್ರಾಂತಿ ಕೊಟ್ಟು, ಪ್ಯಾರಿಸಿಗೆ ಕರೆದೊಯ್ದಿದ್ದೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟರೆ ಎಲ್ಲ ಕಡೆಯೂ ಸರತಿ. ಅಲ್ಲಿನ ಹಳೆಯ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದೇ ಅಪರೂಪ. ಒಂದು ಬದಲಾವಣೆಗೆ ಮೂರು ಕಡೆ ಮೆಟ್ಟಿಲು. ಎರಡನೆಯ ದಿನ ಅಮ್ಮ ಹೋಟೆಲಿನಿಂದ ಹೊರಡಲಿಲ್ಲ. ಸುಮಾರು ಎಂಟುನೂರು ಯೂರೋ ಖರ್ಚಾಗಿ ನೋಡಿದ್ದು ಗೋಪುರವೊಂದನ್ನೇ, ಅದೂ ಕೆಳಗಿನಿಂದ.

ಈ ಸಲ ಮನೆಯ ಪರಿಸ್ಥಿತಿಯೂ ಅನುಕೂಲವಾಗಿತ್ತು. ಅತ್ತೆಗೆ ಮೊಮ್ಮಗುವನ್ನು ಬಿಟ್ಟರೆ ಪ್ರಪಂಚವೇ ಬೇಡ. ಮಾವನವರು ಮಾತ್ರ ಎರಡೂವರೆಗೆ ಎದ್ದು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಮಗುವನ್ನು ಎಬ್ಬಿಸುತ್ತಿದ್ದರು. "ಇಬ್ಬರೂ ಎರಡು ದಿನ ಎಲ್ಲಿಗಾದರೂ ಹೋಗಿಬನ್ನಿ, ನಮಗೆ ನಿದ್ದೆಯಾದರೂ ಸಿಗಲಿ" ಎಂದು ಹೆಂಡತಿಯೇ ಹೇಳಿದಳು.

ನಮ್ಮ ಪಕ್ಕದ ನ್ಯೂರೆಂಬರ್ಗಿನಿಂದ ಪ್ರಾಗಿಗೆ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ. ಬಸ್ಸಿನಲ್ಲಿ ಮುಂದಿನ, ಕಾಲು ಚಾಚಬಹುದಾದ ಸೀಟನ್ನು ಹೆಚ್ಚು ಹಣ ಕೊಡದೆ ಪಡೆಯುವ ದಾರಿಯೊಂದಿದೆ, ಅದನ್ನು ಬರೆದರೆ ಮುಂದಿನ ಸಲ ನನಗೇ ಸಿಗುವುದಿಲ್ಲ. ಉಳಿದುಕೊಳ್ಳುವ ಜಾಗದ ವಿಷಯದಲ್ಲಿ ನನ್ನದು ಒಂದೇ ಹಟ: 22ನೇ ನಂಬರಿನ ಟ್ರಾಮ್ ನಿಲ್ದಾಣದಿಂದ ಐದು ನಿಮಿಷದೊಳಗಿರಬೇಕು. ಹಳೆ ಪಟ್ಟಣದ ಚೌಕದ ಪಕ್ಕದಲ್ಲಿ ಉಳಿದರೆ ದುಡ್ಡೂ ಹೆಚ್ಚು, ರಾತ್ರಿ ಗಲಾಟೆಯೂ ಹೆಚ್ಚು; ಎಂಟಕ್ಕೆ ಮಲಗುವವರಿಗೆ ಅದು ಆಗದು. ನಾಮ್ಯೆಸ್ತಿ ಮೀರು ಚೌಕದ ಕಡೆ ಎರಡು ರಾತ್ರಿಗೆ ನೂರೈವತ್ತು ಯೂರೋ ಆಸುಪಾಸಿನಲ್ಲಿ, ಕೆಟಲ್ ಇರುವ ಕೋಣೆ ಸಿಕ್ಕಿತು. ಆ ಚೌಕದ ಮೆಟ್ರೋ ನಿಲ್ದಾಣ ನೆಲದಿಂದ ಐವತ್ತು ಮೀಟರಿಗೂ ಹೆಚ್ಚು ಆಳದಲ್ಲಿದೆ, ಎಸ್ಕಲೇಟರ್ 87 ಮೀಟರ್ ಉದ್ದ. ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಒಮ್ಮೆ ಇಳಿದವರು ಗಡಿಯಾರ ನೋಡಿಕೊಂಡು ಸುಮ್ಮನೆ ಮತ್ತೆ ಹತ್ತಿ, ಮತ್ತೆ ಇಳಿದರು. ಒಂದು ಕಡೆಗೆ ಎರಡು ನಿಮಿಷಕ್ಕೂ ಮೇಲೆಯಂತೆ. ಅವರಿಗೆ ಖರ್ಚಿನ ಚಿಂತೆಯೂ ಇಲ್ಲ: ಪ್ರಾಗಿನ ಟ್ರಾಮ್, ಬಸ್, ಮೆಟ್ರೋಗಳಲ್ಲಿ ಅರವತ್ತೈದು ದಾಟಿದವರಿಗೆ ಟಿಕೆಟ್ಟೇ ಬೇಡ. ಯಾವ ದೇಶದವರಾದರೂ ಸರಿ, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಪ್ಯಾಕೇಜಿನವರು ಇದನ್ನು ಯಾರಿಗೂ ಹೇಳುವುದಿಲ್ಲ.

ಶನಿವಾರ ಐದು ಗಂಟೆಗೆ ಹೊರಟೆವು. ಚಳಿ ಆರೇಳು ಡಿಗ್ರಿ ಇದ್ದಿರಬೇಕು. ಸೂರ್ಯ ಮೂಡುವ ಹೊತ್ತಿಗೆ ಚಾರ್ಲ್ಸ್ ಸೇತುವೆಯ ಮೇಲೆ ನಾವಿಬ್ಬರು, ಮದುವೆಯ ಫೋಟೋಕ್ಕೆ ಬಂದಿದ್ದ ಒಂದು ಜೋಡಿ, ಮತ್ತು ರಾತ್ರಿ ಕುಡಿದದ್ದು ಇನ್ನೂ ಇಳಿಯದ ಒಂದಿಬ್ಬರು. ಹಗಲು ಹನ್ನೊಂದಕ್ಕೆ ಇಲ್ಲಿ ಹೆಜ್ಜೆ ಇಡಲು ಜಾಗವಿರುವುದಿಲ್ಲ. ಮೂವತ್ತು ವಿಗ್ರಹಗಳನ್ನು ತೋರಿಸುತ್ತ ಹೋಗುವುದು ನನ್ನ ಯೋಜನೆಯಾಗಿತ್ತು. ಮಾವನವರಿಗೆ ವಿಗ್ರಹ ಬೇಡ, ಕಂಬ ಬೇಕು. 1342ರ ಪ್ರವಾಹದಲ್ಲಿ ಹಿಂದಿನ ಸೇತುವೆ ಕೊಚ್ಚಿಹೋಗಿ 1357ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು, 1890ರ ನೆರೆಯಲ್ಲಿ ಇದರದೂ ಮೂರು ಕಮಾನು ಬಿತ್ತು ಎಂದಾಗ ಅವರ ಕಣ್ಣರಳಿತು. "ಯಾವ ಮೂರು, ಅಳಿಯಂದಿರೇ?" ಎಂದು ಕೇಳಿದರು. ನನಗೇನು ಗೊತ್ತು! ಕಲ್ಲಿನ ಬಣ್ಣ ನೋಡಿ ಇವೇ ಇರಬೇಕೆಂದು ಅವರೇ ತೀರ್ಮಾನಿಸಿದರು. ಗಾರೆಗೆ ಮೊಟ್ಟೆ ಕಲಸಿದ್ದರೆಂಬ ಐತಿಹ್ಯಕ್ಕೆ ಮಾತ್ರ ಅವರು ಬೆರಗಾಗಲಿಲ್ಲ. ನಮ್ಮ ಕಡೆ ಬೆಲ್ಲ ಹಾಕುತ್ತಿರಲಿಲ್ಲವೇ ಎಂದರು. ಕಂಬಗಳ ಮುಂದೆ ನೀರಿನಲ್ಲಿ ಮರದ ದಿಮ್ಮಿಗಳ ಇಳಿಜಾರು ಚೌಕಟ್ಟುಗಳು ನಿಂತಿವೆ. ತೇಲಿಬರುವ ಮಂಜುಗಡ್ಡೆ ಕಂಬಕ್ಕೆ ಬಡಿಯದಂತೆ ಅದನ್ನು ಒಡೆಯಲು ಇಟ್ಟದ್ದು. ಅದರ ಮುಂದೆಯೇ ಇಪ್ಪತ್ತು ನಿಮಿಷ ಕಳೆಯಿತು.

ಇನ್ನು ಕೋಟೆ. ಇಲ್ಲಿ ಎಲ್ಲರೂ ಹೇಳುವ ಸಲಹೆಯೊಂದಿದೆ: 22ರಲ್ಲಿ ಮೇಲಕ್ಕೆ ಹೋಗಿ, ಹಳೆಯ ಮೆಟ್ಟಿಲುಗಳಲ್ಲಿ ನಡೆದು ಇಳಿಯಿರಿ ಎಂದು. ಮಂಡಿ ಗಟ್ಟಿ ಇರುವವರ ಸಲಹೆ ಅದು. ಸವೆದ ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು, ಯಾವ ಹಿರಿಯರನ್ನಾದರೂ ಕೇಳಿ. ಆದ್ದರಿಂದ ನಾವು ಸೇತುವೆಯಾಚೆಯ ಮಾಲಾಸ್ತ್ರಾನ ಬಡಾವಣೆಯ ಕಡೆಯಿಂದ 22ರಲ್ಲೇ ಏರಿ, ಪ್ರಾಜ್‌ಸ್ಕಿ ಹ್ರಾದ್ ನಿಲ್ದಾಣದಲ್ಲಿ ಇಳಿದು, ಹೆಚ್ಚುಕಡಿಮೆ ಸಮತಟ್ಟಾದ ದಾರಿಯಲ್ಲಿ ಒಳಗೆ ಹೋಗಿ, ಅದೇ ನಿಲ್ದಾಣಕ್ಕೆ ಮರಳಿ 22ರಲ್ಲೇ ಇಳಿದೆವು. ಕೋಟೆಯ ಅಂಗಳಗಳು ಬೆಳಿಗ್ಗೆ ಆರಕ್ಕೇ ತೆರೆಯುತ್ತವೆ, ಅದಕ್ಕೆ ಟಿಕೆಟ್ಟೂ ಬೇಡ. ಏಳರ ಹೊತ್ತಿಗೆ ಸಂತ ವಿಟಸ್ ಕೆಥೆಡ್ರಲಿನ ಎದುರು ಕಾವಲಿನ ಸಿಬ್ಬಂದಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿ ಬೆಂಚಿನ ಮೇಲೆ ಗೊಜ್ಜವಲಕ್ಕಿಯ ಡಬ್ಬಿ ತೆರೆದೆವು. 1344ರಲ್ಲಿ ಶುರುವಾದ ಕಟ್ಟಡ 1929ರಲ್ಲಿ ಮುಗಿಯಿತು ಎಂದೆ. "ಬಿಲ್ಲು ಪಾಸಾಗಿರಲಿಕ್ಕಿಲ್ಲ" ಎಂದರು ಮಾವ. ಒಂಬತ್ತಕ್ಕೆ ಒಳಗೆ ಹೋದೆವು. ನನಗೆ ನಾನೂರೈವತ್ತು ಕ್ರೌನ್ (ಚೆಕ್ ದೇಶದ ಹಣ), ಅವರಿಗೆ ಹಿರಿಯರ ರಿಯಾಯಿತಿ. ಚೆಕ್ ಕಲಾವಿದ ಮುಖಾ ಚಿತ್ರಿಸಿದ ಗಾಜಿನ ಕಿಟಕಿಗೆ ಬೆಳಗಿನ ಬೆಳಕಿತ್ತು. ಒಂದು ಎಚ್ಚರ: ಭಾನುವಾರ ಬೆಳಿಗ್ಗೆ ಪೂಜೆಯಿರುವುದರಿಂದ ಕೆಥೆಡ್ರಲ್ ಮಧ್ಯಾಹ್ನದವರೆಗೆ ಪ್ರವಾಸಿಗರಿಗೆ ತೆರೆಯುವುದಿಲ್ಲ. ಕೋಟೆಯನ್ನು ಶನಿವಾರವೇ ಮುಗಿಸಬೇಕು. ಹತ್ತೂವರೆಗೆ ನಾವು ಹೊರಬರುವಾಗ ಬಾವುಟ ಹಿಡಿದ ಗೈಡುಗಳ ಹಿಂದೆ ಗುಂಪು ಗುಂಪಾಗಿ ಜನ ಒಳಬರುತ್ತಿದ್ದರು. ಆ ಹೊತ್ತಿನ ನನ್ನ ಸಂತೋಷವನ್ನು ಮುಚ್ಚಿಡುವುದಿಲ್ಲ.

ಊಟದ ಪ್ರಯೋಗಗಳಲ್ಲಿ ಕೆಲವು ಕೆಟ್ಟವು. ಕೆಟಲಿನಲ್ಲೇ ಶಾವಿಗೆ ಬೇಯಿಸಲು ಹೋಗಿ ಅದು ತಳ ಹಿಡಿದು, ಅರ್ಧ ರಾತ್ರಿ ಚಮಚದಲ್ಲಿ ಕೆರೆಯಬೇಕಾಯಿತು. ಗೊಜ್ಜವಲಕ್ಕಿಯ ಪುಡಿಗೆ ನೀರು ಮಾತ್ರ ಸಾಕಾದ್ದರಿಂದ ಅದೇ ಗೆದ್ದಿತು. ಹೋಟೆಲುಗಳ ಮೆನುವಿನಲ್ಲಿ ಮಾಂಸವಿಲ್ಲದ ಪದಾರ್ಥಗಳ ಪಟ್ಟಿ ಇರುತ್ತದೆ, ಆದರೆ ಮೊಟ್ಟೆ ಅದರಲ್ಲಿ ಧಾರಾಳ. ಸೂಪಿಗೆ ಮಾಂಸದ ಸಾರು. ಕರಿದ ಚೀಸ್ ಎಲ್ಲೆಡೆ ಸಿಗುತ್ತದೆ, ಅದರ ಹೊದಿಕೆಯಲ್ಲೂ ಮೊಟ್ಟೆ. ಮಧ್ಯಾಹ್ನ ಢಾಬಾ ಬಿಯಾಸ್ ಎಂಬ ಸಸ್ಯಾಹಾರಿ ಊಟದ ಜಾಗಕ್ಕೆ ಹೋದೆವು. ಬಡಿಸಿಕೊಂಡು ತಟ್ಟೆ ತೂಗಿಸಿ ಹಣ ಕೊಡುವ ಪದ್ಧತಿ. ಮಾವನವರು ಅನ್ನ ಕಡಿಮೆ, ಪಲ್ಯ ಜಾಸ್ತಿ ಎಂಬ ಲೆಕ್ಕದಲ್ಲಿ ಬಡಿಸಿಕೊಂಡರು. ತೂಕದ ದರ ಎಲ್ಲಕ್ಕೂ ಒಂದೇ ಎಂದಾದರೆ ಅನ್ನಕ್ಕೆ ಯಾಕೆ ಕೊಡಬೇಕು ಎಂಬುದು ಅವರ ವಾದ. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಪೊದ್‌ಮಾಸ್ಲಿ ಅಪ್ಪಟ ಮಜ್ಜಿಗೆ. ಊರಿನಿಂದ ತಂದ ಉಪ್ಪು ಶುಂಠಿ ಪುಡಿ ಬೆರೆಸಿ ಕುಡಿದೆವು. ಇದನ್ನು ಪತ್ತೆ ಹಚ್ಚಿದವನು ನಾನೇ.

ದುಡ್ಡಿನ ಕಥೆ ಇದಕ್ಕಿಂತ ದೊಡ್ಡದು. ನಾನು ಎಲ್ಲ ಕಡೆ ಕಾರ್ಡ್ ಬಳಸಿ, ಯಂತ್ರ ಯೂರೋದಲ್ಲಿ ಕೊಡುವಿರಾ ಎಂದು ಕೇಳಿದಾಗಲೆಲ್ಲ ಕ್ರೌನ್ ಒತ್ತುವವನು. ಮಾವನವರ ಬಳಿ ಊರಿನಲ್ಲಿ ಬದಲಾಯಿಸಿಕೊಂಡು ತಂದ ಯೂರೋ ನೋಟುಗಳಿದ್ದವು. ಸಂಜೆ ನಾನು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ, ಕಮಿಷನ್ ಇಲ್ಲ ಎಂಬ ಫಲಕ ನೋಡಿ ಐವತ್ತು ಯೂರೋ ಬದಲಿಸಿಬಿಟ್ಟಿದ್ದರು. ಆ ದಿನಗಳಲ್ಲಿ ಒಂದು ಯೂರೋಗೆ ಇಪ್ಪತ್ತೈದು ಕ್ರೌನ್ ಹತ್ತಿರ ಇರುವಾಗ ಇವರಿಗೆ ಸಿಕ್ಕಿದ್ದು ಇಪ್ಪತ್ತರ ಹಾಗೆ. ಸುಮಾರು ಹತ್ತು ಯೂರೋ ನಷ್ಟ, ಅಂದರೆ ಅವರ ಲೆಕ್ಕದಲ್ಲಿ ಸಾವಿರ ರೂಪಾಯಿ. ಮುಖ ಬಾಡಿತು. ಆದರೆ 2019ರಿಂದ ಚೆಕ್ ದೇಶದಲ್ಲಿ ಕಾನೂನಿದೆ: ಸಾವಿರ ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಹಿಡಿದು ಅದೇ ಕಿಟಕಿಗೆ ಹೋದೆ. ಒಳಗಿನವನು ಮೊದಲು ಅರ್ಥವಾಗದವನ ಹಾಗೆ ನಿಂತ. ಮೂರು ಬೆರಳು ತೋರಿಸಿ, ಗಡಿಯಾರ ತೋರಿಸಿ, ಪಕ್ಕಕ್ಕೆ ಸರಿಯದೆ ನಿಂತೆ. ಹಿಂದೆ ಸಾಲು ಬೆಳೆಯಿತು. ಮಾತಿಲ್ಲದೆ ನೋಟು ವಾಪಸ್ ಬಂತು. ರಸೀದಿಯನ್ನು ಎಸೆಯಬೇಡಿ, ಅಷ್ಟೇ.

ಚಿಲ್ಲರೆ ಮಾತ್ರ ಬೇಕೇ ಬೇಕು, ಶೌಚಾಲಯಕ್ಕೆ. ಇಪ್ಪತ್ತು ಕ್ರೌನ್ ಎಂದರೆ ಎಂಬತ್ತು ರೂಪಾಯಿ ಎಂದು ಲೆಕ್ಕ ಹಾಕಿ ಮಾವನವರು ಒಮ್ಮೆ ಬಾಗಿಲಿನಿಂದಲೇ ತಿರುಗಿ ಬಂದರು. ಸೇತುವೆಯ ಆಚೆ ದಡದಲ್ಲಿ ಹಣ ಕೊಡಬೇಕಿಲ್ಲದ, ಚೊಕ್ಕಟವಾದ ಒಂದು ಜಾಗವಿದೆ. ವಿಳಾಸ ಕೇಳಬೇಡಿ.

ಮಧ್ಯಾಹ್ನ ಎರಡು ಗಂಟೆ ನಿದ್ದೆ ಕಡ್ಡಾಯ. ಅದಿಲ್ಲದೆ ಈ ಕ್ರಮ ನಿಲ್ಲುವುದಿಲ್ಲ. ನಾಲ್ಕಕ್ಕೆ ಹಳೆ ಪಟ್ಟಣದ ಚೌಕ. ಅಲ್ಲಿನ ಹೆಸರಾಂತ ಖಗೋಳ ಗಡಿಯಾರದ ಬೊಂಬೆಯಾಟಕ್ಕೆ ನೂರಾರು ಜನ ಮೊಬೈಲ್ ಎತ್ತಿ ನಿಂತಿರುತ್ತಾರೆ, ಆಟ ಮುಗಿಯಲು ಒಂದು ನಿಮಿಷವೂ ಬೇಡ. "ಇಷ್ಟೇನಾ?" ಎಂದರು. ಜನ ಚದುರಿದ ಮೇಲೆ ನಿಜವಾದ ಕೆಲಸ ಶುರುವಾಯಿತು. 1410ರ ಈ ಯಂತ್ರದಲ್ಲಿ ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು ಎಂಬುದೆಲ್ಲ ಇದೆ. ಹೊರಗಿನ ಉಂಗುರ ಸೂರ್ಯಾಸ್ತದಿಂದ ಗಂಟೆ ಎಣಿಸುತ್ತದೆ. ನಾವು ಸೂರ್ಯೋದಯದಿಂದ ಘಳಿಗೆ ಎಣಿಸುವವರು, ಮಾವನವರಿಗೆ ಕೂಡಲೇ ಹಿಡಿಯಿತು. ಮೊಬೈಲಿನಲ್ಲಿ ಪಂಚಾಂಗ ತೆರೆದರು. ಗಡಿಯಾರದಲ್ಲಿ ಸೂರ್ಯ ವೃಷಭದಲ್ಲಿ, ಪಂಚಾಂಗದಲ್ಲಿ ಇನ್ನೂ ಮೇಷದಲ್ಲಿ. ಇವರ ಗಡಿಯಾರ ತಪ್ಪು ಎಂದು ಒಂದು ಕ್ಷಣ ಘೋಷಿಸಿ, ಆಮೇಲೆ ತಾವೇ ಅಯನಾಂಶವನ್ನು, ಅಂದರೆ ಅವರ ರಾಶಿಚಕ್ರಕ್ಕೂ ನಮ್ಮದಕ್ಕೂ ಇರುವ ಅಂತರವನ್ನು, ಲೆಕ್ಕ ಹಾಕಿದರು: ಇಪ್ಪತ್ತನಾಲ್ಕು ಡಿಗ್ರಿ ಕಳೆದರೆ ಎರಡೂ ಸರಿ. ಎದುರಿನ ಟೀನ್ ಚರ್ಚಿನಲ್ಲಿ ಖಗೋಳ ವಿಜ್ಞಾನಿ ಟೈಕೋ ಬ್ರಾಹೆಯ ಸಮಾಧಿಯಿದೆ, ಅವನೊಂದಿಗೆ ಕೆಲಸ ಮಾಡಲು 1600ರಲ್ಲಿ ಕೆಪ್ಲರ್ ಈ ಊರಿಗೇ ಬಂದ ಎಂದು ಹೇಳಿದೆ. ಮರುವರ್ಷ ಬ್ರಾಹೆ ತೀರಿಕೊಂಡ, ಅವನ ವೀಕ್ಷಣೆಗಳ ಮೇಲೆಯೇ ಕೆಪ್ಲರ್ ಗ್ರಹಗತಿಯ ಲೆಕ್ಕ ಕಟ್ಟಿದ. ಸಮಾಧಿಯ ಕಲ್ಲಿನ ಮುಂದೆ ಮಾವನವರು ಕೈಮುಗಿದರು. ಏಳೂವರೆಗೆ ಕೋಣೆ, ಎಂಟಕ್ಕೆ ಗೊರಕೆ.

ಭಾನುವಾರ ವಿಶೆಹ್ರಾದ್ ಎಂಬ ಇನ್ನೊಂದು ಹಳೆಯ ಕೋಟೆ. ಅದೇ ಹೆಸರಿನ ಮೆಟ್ರೋ ನಿಲ್ದಾಣದಿಂದ ಮೆಟ್ಟಿಲಿಲ್ಲದ ದಾರಿ, ಪ್ರವೇಶ ಶುಲ್ಕವಿಲ್ಲ, ಕೋಟೆಗೋಡೆಯ ಮೇಲಿಂದ ವ್ಲ್ತಾವಾ ನದಿ ಪೂರ್ತಿ ಕಾಣುತ್ತದೆ. ಅಲ್ಲಿನ ಸ್ಮಶಾನದಲ್ಲಿ ಸಂಗೀತಗಾರರಾದ ದ್ವೋರ್ಷಾಕ್, ಸ್ಮೆತಾನಾ, ಹಿಂದಿನ ದಿನ ಕಿಟಕಿ ನೋಡಿದ್ದ ಮುಖಾ ಎಲ್ಲರೂ ಇದ್ದಾರೆ. ಇದನ್ನು ಕೊನೆಗಿಟ್ಟದ್ದಕ್ಕೆ ಕಾರಣ ಅದೇ ಸಿ ಮಾರ್ಗದಲ್ಲಿ ಬಸ್ ನಿಲ್ದಾಣವಿರುವ ಫ್ಲೋರೆಂಟ್ಸ್ ಇರುವುದು, ರೈಲು ಬದಲಿಸಬೇಕಿಲ್ಲ. ಗಡಿ ದಾಟಿದ ಮೇಲೆ ಜರ್ಮನ್ ಪೊಲೀಸರು ಬಸ್ಸು ಹತ್ತಿದರು. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ) ಒಳಗಿನ ಪ್ರಯಾಣವೆಂದು ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಬರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಒಟ್ಟು ಖರ್ಚು ಇಬ್ಬರಿಗೆ ಮುನ್ನೂರು ಯೂರೋ ಆಚೀಚೆ: ಅರ್ಧ ಕೋಣೆಗೆ, ಎಪ್ಪತ್ತು ಎಂಬತ್ತು ಬಸ್ಸಿಗೆ, ಉಳಿದದ್ದು ಊಟ, ಟಿಕೆಟ್ಟು, ಶೌಚಾಲಯ. ಮಂಡಿಯ ಮುಲಾಮು ಡಬ್ಬಿಯನ್ನು ತೆರೆಯಲೇ ಇಲ್ಲ. ಆದರೆ ಈ ಕ್ರಮಕ್ಕೆ ಅವಧಿಯಿದೆ. ಮೂರನೆಯ ವಾರ ರೇಗೆನ್ಸ್‌ಬರ್ಗಿನ ಕಲ್ಲಿನ ಸೇತುವೆ ತೋರಿಸುತ್ತೇನೆಂದು ಹೊರಡಿಸಿದೆ. ಅಷ್ಟರಲ್ಲಿ ಮಾವನವರು ಇಲ್ಲಿಗೆ ಹೊಂದಿಕೊಂಡು ಏಳೂವರೆಗೆ ಏಳುತ್ತಿದ್ದರು, ಹತ್ತಕ್ಕೆ ತಿಂಡಿ, ಹನ್ನೊಂದಕ್ಕೆ ರೈಲು, ಸೇತುವೆಯ ಮೇಲೆ ಜಾತ್ರೆಯಷ್ಟು ಜನ. ಒಂದು ಕಂಬವನ್ನೂ ಸರಿಯಾಗಿ ನೋಡಲಾಗಲಿಲ್ಲ ಎಂದು ಅವರು ಇಂದಿಗೂ ಗೊಣಗುತ್ತಿದ್ದಾರೆ.